ಸರ್ವೆ ಕಲ್ಲು ನೆಡುವ ಮೊದಲು

ಜಿಲ್ಲೆಯಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಜಮೀನಿನ ಜಗಳ ಹೊಸದಲ್ಲ. ಬದು ಒತ್ತಿದ್ದು, ದಾರಿ ಮುಚ್ಚಿದ್ದು, ಪಹಣಿಯಲ್ಲಿ ಒಬ್ಬರ ಹೆಸರಿದ್ದು ಉಳುಮೆಯಲ್ಲಿ ಇನ್ನೊಬ್ಬರಿರುವುದು, ಇಂಥದ್ದು ವಾರಕ್ಕೆ ಒಂದಾದರೂ ಬಂದೇ ಬರುತ್ತದೆ. ಆಗ ನಾವು ಕೇಳುವ ಪ್ರಶ್ನೆಗಳು ಮೂರೇ. ಮೊದಲು ಬಂದವರು ಯಾರು? ಅಳತೆ ಮಾಡಿಸಿದವರು ಯಾರು? ದಾಖಲೆಯಲ್ಲಿ ಯಾರ ಹೆಸರಿದೆ? ಮೂರಕ್ಕೂ ಒಂದೇ ಉತ್ತರ ಸಿಕ್ಕರೆ ಜಗಳ ಇರುವುದಿಲ್ಲ, ನಮಗೆ ಸುದ್ದಿಯೂ ಇರುವುದಿಲ್ಲ.

ಇದೇ ಮೂರು ಪ್ರಶ್ನೆ ಹಿಡಿದುಕೊಂಡು ಈ ಸಲ ದೂರದ ದೇಶವೊಂದರ ಹಳೆಯ ಕಾಲಕ್ಕೆ ಹೋಗೋಣ. ಅಮೆರಿಕದ ಗಡಿನಾಡಿನ ನ್ಯಾಯ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಚಿತ್ರ: ಧೂಳು ಬೀದಿ, ಕುದುರೆ, ಸೊಂಟದಲ್ಲಿ ಪಿಸ್ತೂಲು, ಮೊದಲು ಹಾರಿಸಿದವನೇ ಗೆದ್ದ. ಬಂದೂಕು ಇದ್ದದ್ದು ನಿಜ. ಆದರೆ ಆ ಕಾಲದ ಕಾಗದಪತ್ರ ನೋಡಿದರೆ ಬಂದೂಕಿಗಿಂತ ಹೆಚ್ಚಾಗಿ ಕಾಣುವುದು ರಿಜಿಸ್ಟರು, ಸಭೆಯ ನಡಾವಳಿ, ಪಂಚರ ತೀರ್ಮಾನ, ಕೊನೆಯಿಲ್ಲದ ದಾವೆಗಳು. ಸರ್ಕಾರ ಬರುವ ಮೊದಲೇ ಜನ ಬಂದಿದ್ದರು. ಕಾನೂನು ಇಲ್ಲದ ಕಡೆ ಅವರೇ ಒಂದು ಕಾನೂನು ಕಟ್ಟಿಕೊಂಡರು. ಅದು ಯಾರನ್ನು ಕಾಪಾಡಿತು, ಯಾರನ್ನು ಹೊರಗಿಟ್ಟಿತು ಎಂಬುದೇ ಈ ಲೇಖನದ ವಿಷಯ.

ಹೊಳೆ ಯಾವುದು ಎಂಬ ತಕರಾರು

ಮೊದಲ ಕಥೆ ಪೆನ್ಸಿಲ್ವೇನಿಯದ್ದು. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲ. 1768ರಲ್ಲಿ ಫೋರ್ಟ್ ಸ್ಟ್ಯಾನ್‌ವಿಕ್ಸ್ ಎಂಬಲ್ಲಿ ಇರೊಕ್ವಾ ಒಕ್ಕೂಟದ ಮೂಲನಿವಾಸಿಗಳ ಜೊತೆ ಒಂದು ಒಪ್ಪಂದವಾಯಿತು. ಬಿಳಿಯರಿಗೆ ಬಿಟ್ಟುಕೊಟ್ಟ ಜಮೀನಿನ ಗಡಿ ಸಸ್ಕ್ವೆಹಾನಾ ನದಿಯ ಪಶ್ಚಿಮ ಕವಲಿಗೆ ಸೇರುವ ‘ಟಿಯಾಡಾಟನ್’ ಹೊಳೆಯ ಗುಂಟ ಹೋಗಬೇಕು ಎಂದು ಬರೆದರು. ಬರೆದದ್ದೇನೋ ಆಯಿತು, ಆದರೆ ಟಿಯಾಡಾಟನ್ ಅಂದರೆ ಯಾವ ಹೊಳೆ? ಲೈಕಮಿಂಗ್ ಹೊಳೆಯೋ, ಅದರಾಚೆ ಪಶ್ಚಿಮಕ್ಕಿರುವ ಪೈನ್ ಹೊಳೆಯೋ? ಸರ್ಕಾರ ಜಾಗ್ರತೆಗೆ ಲೈಕಮಿಂಗ್ ಎಂದಿತು. ಜಮೀನು ಬೇಕಾಗಿದ್ದವರು ಪೈನ್ ಎಂದರು. ಎರಡು ಹೊಳೆಗಳ ನಡುವಿನ ಫಲವತ್ತಾದ ಬಯಲು ಯಾರ ಲೆಕ್ಕಕ್ಕೂ ಸೇರದೆ ಉಳಿಯಿತು.

ಜಾಗ ಖಾಲಿ ಕಂಡರೆ ಜನ ಬಾರದಿರುತ್ತಾರೆಯೇ? ಬಂದರು. ಅವರಲ್ಲಿ ಸ್ಕಾಟ್ಲೆಂಡ್ ಮೂಲದ ಐರಿಷ್ ಕುಟುಂಬಗಳೇ ಬಹಳ. ಮರ ಕಡಿದರು, ಗುಡಿಸಲು ಹಾಕಿದರು, ಜೋಳ ಬಿತ್ತಿದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲ ಬಗರ್‌ಹುಕುಂ ಸಾಗುವಳಿದಾರರು. ಆ ಬಯಲಿನಲ್ಲಿ ಕೋರ್ಟಿಲ್ಲ, ಅಧಿಕಾರಿಯಿಲ್ಲ, ಪಟ್ಟಾ ಕೊಡುವವರಂತೂ ಇಲ್ಲವೇ ಇಲ್ಲ. ಹಾಗಾಗಿ ಅವರೇ ಪ್ರತಿವರ್ಷ ಮೂವರನ್ನು ಆರಿಸಿ ಪಂಚರನ್ನಾಗಿ ಮಾಡಿಕೊಂಡರು. ಇತಿಹಾಸದಲ್ಲಿ ಇವರಿಗೆ ‘ಫೇರ್ ಪ್ಲೇ ಮೆನ್’ ಎಂಬ ಹೆಸರು ನಿಂತಿದೆ. ನ್ಯಾಯವಾಗಿ ನಡೆದುಕೊಳ್ಳುವವರು ಎಂದು ಅರ್ಥ.

ಅವರ ನಿಯಮಗಳು ನಮಗೆ ತಿಳಿದಿರುವುದು ಮುಂದೆ ಕೋರ್ಟುಗಳಲ್ಲಿ ನಡೆದ ದಾವೆಗಳ ಸಾಕ್ಷ್ಯದಿಂದ. ಒಂದು ನಿಯಮ ಹೀಗಿತ್ತು: ಆರು ವಾರ ಜಮೀನು ಬಿಟ್ಟುಹೋದವನಿಗೆ ಅದರ ಮೇಲಿನ ಹಕ್ಕು ಹೋಯಿತು. ಕಾಗದ ಇಲ್ಲದ ಕಡೆ ಹಕ್ಕಿಗೆ ಆಧಾರ ದುಡಿಮೆ ಒಂದೇ, ದುಡಿಮೆ ನಿಂತರೆ ಹಕ್ಕೂ ನಿಂತಿತು ಎಂಬುದು ಅವರ ಲೆಕ್ಕ. ಪಂಚರ ತೀರ್ಪು ಒಪ್ಪದವನನ್ನು ದೋಣಿಯಲ್ಲಿ ಕೂರಿಸಿ, ಲೈಕಮಿಂಗ್ ಹೊಳೆ ನದಿಗೆ ಸೇರುವ ಜಾಗದವರೆಗೆ ಒಯ್ದು, ಅಲ್ಲಿಂದ ನೀರಿನ ಪಾಲಿಗೆ ತೇಲಿಬಿಡುತ್ತಿದ್ದರಂತೆ. ಆ ಕಡೆ ಸರ್ಕಾರದ ಸೀಮೆ. ಹೋಗಿ ಅಲ್ಲಿ ಬೇಕಾದ ಕಾನೂನು ಹುಡುಕಿಕೋ ಎಂದ ಹಾಗೆ.

ಈ ಜನರ ಬಗ್ಗೆ ಒಂದು ಪ್ರಸಂಗ ಪದೇ ಪದೇ ಹೇಳುತ್ತಾರೆ. ಸ್ವಾತಂತ್ರ್ಯದ ನಂತರ ಆ ಸೀಮೆಗೂ ಕೋರ್ಟು ಬಂತು. ಮುಖ್ಯ ನ್ಯಾಯಾಧೀಶ ಮೆಕೀನ್ ಒಬ್ಬ ಹಳಬನನ್ನು ಸಾಕ್ಷಿಕಟ್ಟೆಗೆ ಕರೆಸಿ, ನಿಮ್ಮ ಆ ಫೇರ್ ಪ್ಲೇ ಕಾನೂನು ಏನಿತ್ತಪ್ಪಾ ಎಂದು ಕೇಳಿದರಂತೆ. ಆತ, ಅದೆಲ್ಲ ನೆನಪಿಲ್ಲ ಸ್ವಾಮಿ, ತಮ್ಮ ಕೋರ್ಟು ಬಂದಾಗಿನಿಂದ ಫೇರ್ ಪ್ಲೇ ಹೋಯಿತು, ಅದರ ಜಾಗದಲ್ಲಿ ಕಾನೂನು ಬಂತು ಎಂಬರ್ಥದ ಉತ್ತರ ಕೊಟ್ಟನಂತೆ. ಹೇಳುವವರ ಬಾಯಲ್ಲಿ ಸ್ವಲ್ಪ ಬೆಳೆದಿರಬಹುದಾದ ಕಥೆ ಇದು. ಆದರೂ ಯಾವ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಹೇಳಿದರೂ ಜನ ನಗುವ ಮೊದಲು ಹೌದೆಂದು ತಲೆಯಾಡಿಸುತ್ತಾರೆ.

ಅವರ ಅದೃಷ್ಟಕ್ಕೆ ಕೊನೆಗೆ ಕಾಗದವೂ ಅವರ ಕಡೆಗೇ ತಿರುಗಿತು. 1784ರಲ್ಲಿ ಇನ್ನೊಂದು ಒಪ್ಪಂದವಾಗಿ ಆ ಸೀಮೆಯೆಲ್ಲ ಪೆನ್ಸಿಲ್ವೇನಿಯಕ್ಕೆ ಸೇರಿತು. ಟಿಯಾಡಾಟನ್ ಅಂದರೆ ಪೈನ್ ಹೊಳೆಯೇ ಎಂದು ಇರೊಕ್ವಾ ಮುಖಂಡರು ಆಗ ಹೇಳಿದರು. 1780ಕ್ಕಿಂತ ಮೊದಲು ನೆಲೆಸಿದ್ದವರಿಗೆ ಜಮೀನು ಕೊಳ್ಳುವ ಮೊದಲ ಅವಕಾಶ ಎಂದು ಸರ್ಕಾರ ಕಾನೂನು ಮಾಡಿತು. ನಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇಲ್ಲಿ ಬೆಲೆ ಸಿಕ್ಕಿತು.

ಹೆಂಚಿನ ಮೇಲೆ ಹೆಂಚು

ಎರಡನೆಯ ಕಥೆ ಕೆಂಟಕಿಯದ್ದು. ಇಲ್ಲಿ ಮೊದಲು ಬಂದವರೇ ಸೋತರು.

ಆಗ ಕೆಂಟಕಿ ವರ್ಜೀನಿಯ ರಾಜ್ಯದ ಭಾಗ. 1779ರಲ್ಲಿ ವರ್ಜೀನಿಯ ಒಂದು ಭೂ ಕಾನೂನು ಮಾಡಿತು. 1778ರ ಜನವರಿ 1ಕ್ಕಿಂತ ಮೊದಲು ನೆಲೆಸಿದ್ದವರಿಗೆ, ಜೋಳದ ಬೆಳೆ ತೆಗೆದಿದ್ದವರಿಗೆ 400 ಎಕರೆ ಹಕ್ಕು, ಅದರ ಪಕ್ಕದಲ್ಲಿ ಇನ್ನೂ 1,000 ಎಕರೆ ಕೊಳ್ಳುವ ಮೊದಲ ಅವಕಾಶ. ಓದಲು ಎಷ್ಟು ಚೆನ್ನಾಗಿದೆ! ಅದೇ ಕಾನೂನಿನಲ್ಲಿ ಇನ್ನೊಂದು ಬಾಗಿಲೂ ಇತ್ತು. ಖಜಾನೆಗೆ ದುಡ್ಡು ಕಟ್ಟಿ ವಾರಂಟ್ ಎಂಬ ಚೀಟಿ ಕೊಂಡವನು ಕೆಂಟಕಿಯಲ್ಲಿ ಎಲ್ಲಿ ಬೇಕಾದರೂ ಜಮೀನು ಹಿಡಿಯಬಹುದಿತ್ತು. ಆತ ಅಲ್ಲಿಗೆ ಕಾಲಿಡಬೇಕೆಂದೂ ಇರಲಿಲ್ಲ.

ಚೀಟಿ ಸಿಕ್ಕ ಮೇಲೆ ನಾಲ್ಕು ಮೆಟ್ಟಿಲು ಹತ್ತಬೇಕು. ವಾರಂಟ್ ಪಡೆಯಬೇಕು, ಯಾವ ಜಾಗ ಎಂದು ಪುಸ್ತಕದಲ್ಲಿ ನಮೂದಿಸಬೇಕು, ಸರ್ವೆ ಮಾಡಿಸಬೇಕು, ಕೊನೆಗೆ ಪಟ್ಟಾ ಪಡೆಯಬೇಕು. ಎರಡನೆಯ ಮೆಟ್ಟಿಲಲ್ಲೇ ಎಡವಟ್ಟು. ಸರ್ಕಾರ ಮೊದಲೇ ಸರ್ವೆ ಮಾಡಿ ನಂಬರು ಹಾಕಿಟ್ಟಿದ್ದ ಜಮೀನಲ್ಲ ಅದು. ಪ್ರತಿಯೊಬ್ಬನೂ ತನ್ನ ಚಕ್ಕುಬಂದಿಯನ್ನು ತಾನೇ ವರ್ಣಿಸಿ ಬರೆಸಬೇಕಿತ್ತು. ಇಂಥ ಹೊಳೆಯ ಕವಲು, ಇಂಥ ಉಪ್ಪಿನ ಚಿಲುಮೆ, ಕೊಡಲಿಯಿಂದ ಗುರುತು ಕೆತ್ತಿದ ಇಂಥ ಮರ. ಮರ ಬಿದ್ದುಹೋದರೆ? ಒಂದೇ ಹೊಳೆಗೆ ಇಬ್ಬರು ಎರಡು ಹೆಸರಿಟ್ಟಿದ್ದರೆ? ಪಕ್ಕದವನು ಓದಿ ಜಾಗ ಗುರುತಿಸಲಾಗದಷ್ಟು ಅಸ್ಪಷ್ಟವಾಗಿದ್ದರೆ ಆ ನಮೂದೇ ಅಸಿಂಧು ಎಂದು ಕೋರ್ಟುಗಳು ಹೇಳಿದವು. ಒಂದೇ ತುಂಡು ನೆಲದ ಮೇಲೆ ಮೂರು ನಾಲ್ಕು ಜನರ ಹಕ್ಕು ಕೂತಿತು. ಅಲ್ಲಿನವರು ಇದನ್ನು ಚಾವಣಿಯ ಹಲಗೆಗಳಿಗೆ ಹೋಲಿಸುತ್ತಿದ್ದರು. ನಾವಾದರೆ ಹೆಂಚಿನ ಮೇಲೆ ಹೆಂಚು ಎನ್ನುತ್ತೇವೆ.

ಡೇನಿಯಲ್ ಬೂನ್ ಹೆಸರು ನೀವು ಕೇಳಿರಬಹುದು. 1775ರಲ್ಲಿ ಕಂಬರ್‌ಲ್ಯಾಂಡ್ ಕಣಿವೆಯ ಮೂಲಕ ಕೆಂಟಕಿಗೆ ದಾರಿ ಕಡಿದವನು, ಬೂನ್ಸ್‌ಬರೋ ಊರು ಕಟ್ಟಿದವನು. ಗಡಿನಾಡಿನ ಸಾಹಸಿ ಎಂದರೆ ಅಮೆರಿಕನ್ನರಿಗೆ ಮೊದಲು ನೆನಪಾಗುವುದು ಈತನೇ. ದಾಖಲೆಯ ವಿಷಯದಲ್ಲಿ ಮಾತ್ರ ಆತ ಗಟ್ಟಿಗನಲ್ಲ. 1780ರಲ್ಲಿ ತನ್ನದೂ ನೆರೆಹೊರೆಯವರದೂ ಸೇರಿ ಸುಮಾರು 20 ಸಾವಿರ ಡಾಲರ್ ಹಿಡಿದುಕೊಂಡು ವಾರಂಟ್ ಕೊಳ್ಳಲು ಹೊರಟ. ದಾರಿಯಲ್ಲಿ ತಂಗಿದ್ದಾಗ ಹಣ ಕಳುವಾಯಿತು. ಆಮೇಲೆ ಆತನೇ ಸರ್ವೆ ಕೆಲಸವನ್ನೂ ಮಾಡಿದ. ಆ ಸರ್ವೆಗಳು ಸರಿಯಿಲ್ಲವೆಂದು ದಾವೆಗಳಾದವು. ಸಾವಿರಾರು ಎಕರೆಗೆ ಹಕ್ಕು ಹೇಳಿದ್ದವನ ಕೈಯಿಂದ ಕೆಂಟಕಿಯ ನೆಲ ಒಂದೊಂದೇ ತುಂಡಾಗಿ ಜಾರಿತು. 1799ರಲ್ಲಿ ಬೇಸತ್ತು, ಆಗ ಸ್ಪೇನ್ ಕೈಯಲ್ಲಿದ್ದ ಮಿಸೌರಿಗೆ ಹೊರಟುಹೋದ. ಅಲ್ಲಿ ಸ್ಪೇನಿನವರು ಜಮೀನು ಕೊಟ್ಟರು. 1803ರಲ್ಲಿ ಆ ಸೀಮೆಯೂ ಅಮೆರಿಕಕ್ಕೆ ಸೇರಿತು. ಬೂನ್‌ನ ಕಾಗದ ಪೂರ್ತಿಯಾಗಿರಲಿಲ್ಲ, ಅದೂ ಹೋಯಿತು. 1814ರಲ್ಲಿ ಸಂಸತ್ತು ಕನಿಕರ ತೋರಿ ಒಂದಿಷ್ಟು ಮರಳಿ ಕೊಟ್ಟಾಗ ಆತ ಅದನ್ನು ಮಾರಿ ಕೆಂಟಕಿಯ ಹಳೆ ಸಾಲ ತೀರಿಸಿದ. ದಾರಿ ಮಾಡಿದವನಿಗೇ ನಿಲ್ಲಲು ನೆಲ ಉಳಿಯಲಿಲ್ಲ.

ಅದೇ ಕೆಂಟಕಿಯಲ್ಲಿ ಹೆಸರಿಲ್ಲದ ಒಬ್ಬ ರೈತನೂ ಇದ್ದ, ಥಾಮಸ್ ಲಿಂಕನ್. ಆತನ ತಂದೆ ಅಬ್ರಹಾಂ 1786ರಲ್ಲಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಮೂಲನಿವಾಸಿಗಳ ದಾಳಿಯಲ್ಲಿ ಸತ್ತಿದ್ದ. ಪುಟ್ಟ ಥಾಮಸ್ ಅಲ್ಲೇ ಇದ್ದ. ಆಗಿನ ಕಾನೂನಿನಂತೆ ತಂದೆಯ ಆಸ್ತಿ ಹಿರಿಯ ಮಗನಿಗೆ ಹೋಯಿತು. ಥಾಮಸ್ ದುಡಿದು ಒಂದಾದ ಮೇಲೊಂದು ಮೂರು ಜಮೀನು ಹಿಡಿದ. ಮೊದಲನೆಯದರಲ್ಲಿ ಸರ್ವೆ ತಪ್ಪಿನಿಂದ ಒಂದು ಭಾಗ ಕಳೆದುಕೊಂಡ. ಎರಡನೆಯದರಲ್ಲಿ ಹಕ್ಕಿನ ತಕರಾರು ಎದ್ದಿತು. ನಾಬ್ ಕ್ರೀಕ್‌ನ ಮೂರನೆಯದರಿಂದ ಎಬ್ಬಿಸಲು, ಅದೇ ನೆಲ ಸೇರಿದಂತೆ 10 ಸಾವಿರ ಎಕರೆಗೆ ಹಕ್ಕು ಹೇಳುವ ದೂರದ ವಾರಸುದಾರರು ದಾವೆ ಹೂಡಿದರು. 1816ರ ಚಳಿಗಾಲದಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಥಾಮಸ್ ಒಹಾಯೊ ನದಿ ದಾಟಿ ಇಂಡಿಯಾನಾಕ್ಕೆ ಹೋದ. ಆಗ ಮಗ ಅಬ್ರಹಾಮನಿಗೆ ಏಳು ವರ್ಷ. ನಾವು ಕೆಂಟಕಿ ಬಿಟ್ಟದ್ದಕ್ಕೆ ಗುಲಾಮಗಿರಿ ಒಂದು ಕಾರಣವಾದರೆ, ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಡಕು ಎಂದು ಆ ಮಗ 1860ರಲ್ಲಿ ಬರೆದ. ಅದೇ ವರ್ಷ ಆತ ಅಮೆರಿಕದ ಅಧ್ಯಕ್ಷನಾಗಿ ಆಯ್ಕೆಯಾದ.

ಕೆಂಟಕಿಯ ಶಾಸನಸಭೆ ಸುಮ್ಮನೆ ಕೂತಿರಲಿಲ್ಲ. 1797ರಲ್ಲಿ, ಮತ್ತೆ 1812ರಲ್ಲಿ ಕಾನೂನು ಮಾಡಿತು. ನಿಜವಾದ ಮಾಲೀಕ ಬಂದು ಸಾಗುವಳಿದಾರನನ್ನು ಎಬ್ಬಿಸುವುದಾದರೆ, ಆತ ಹಾಕಿದ ಬೇಲಿ, ಕಟ್ಟಿದ ಮನೆ, ಹಸನು ಮಾಡಿದ ನೆಲಕ್ಕೆ ಪರಿಹಾರ ಕೊಡಬೇಕು ಎಂಬುದು ಅದರ ತಿರುಳು. 1823ರಲ್ಲಿ ಗ್ರೀನ್ ವಿರುದ್ಧ ಬಿಡ್ಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಕಾನೂನುಗಳನ್ನು ರದ್ದು ಮಾಡಿತು. ಕೆಂಟಕಿ ಬೇರೆ ರಾಜ್ಯವಾಗುವಾಗ ವರ್ಜೀನಿಯಕ್ಕೆ ಕೊಟ್ಟ ಮಾತಿಗೆ ಇದು ವಿರುದ್ಧ ಎಂಬುದು ಕಾರಣ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿದ್ದಿರಬಹುದು. ಹತ್ತು ಹದಿನೈದು ವರ್ಷ ಬೇರು ಕಿತ್ತು ಕಲ್ಲು ಆರಿಸಿದವನಿಗೆ ಅದನ್ನು ವಿವರಿಸುವುದು ಹೇಗೆ?

ಸರಪಳಿ ಎಳೆದವರು

ಥಾಮಸ್ ಲಿಂಕನ್ ಇಂಡಿಯಾನಾ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಒಹಾಯೊ ನದಿಯ ಆ ದಂಡೆಯಲ್ಲಿ ಮೊದಲು ಸರ್ವೆ, ಆಮೇಲೆ ಮಾರಾಟ. ಕೇಂದ್ರ ಸರ್ಕಾರ 1785ರ ಮೇ 20ರಂದು ಮಾಡಿದ ಭೂ ಕಾನೂನಿನ ಪ್ರಕಾರ ನೆಲವನ್ನೆಲ್ಲ ಆರು ಮೈಲಿಗೆ ಆರು ಮೈಲಿಯ ಚೌಕಗಳಾಗಿ ಅಳೆಯಬೇಕು. ಪ್ರತಿ ಚೌಕದಲ್ಲಿ 36 ಭಾಗ, ಒಂದೊಂದು ಭಾಗ 640 ಎಕರೆ. 16ನೆಯ ಭಾಗ ಶಾಲೆಗೆ ಮೀಸಲು. ಮರ, ಹೊಳೆ, ಚಿಲುಮೆಗಳ ವರ್ಣನೆ ಬೇಕಿಲ್ಲ, ನಂಬರು ಹೇಳಿದರೆ ಸಾಕು.

ಅಳೆದದ್ದು ಗಂಟರ್ ಎಂಬ ಇಂಗ್ಲಿಷ್ ಗಣಿತಜ್ಞನ ಸರಪಳಿಯಿಂದ. ಉದ್ದ 66 ಅಡಿ, ಕೊಂಡಿಗಳು 100. ಎಂಬತ್ತು ಸರಪಳಿಗೆ ಒಂದು ಮೈಲಿ, ಹತ್ತು ಚದರ ಸರಪಳಿಗೆ ಒಂದು ಎಕರೆ. ಈ ಲೆಕ್ಕ ನಮಗೂ ಹೊರಗಿನದಲ್ಲ. ನಮ್ಮ ಗುಂಟೆ 33 ಅಡಿಗೆ 33 ಅಡಿ, ಎಕರೆಗೆ 40 ಗುಂಟೆ. ಆ ಸರಪಳಿಯ ಒಂದು ಚೌಕ ಅಂದರೆ ಸರಿಯಾಗಿ ನಾಲ್ಕು ಗುಂಟೆ. ಇಂಡಿಯಾನಾದ ಕಾಡನ್ನೂ ನಮ್ಮ ಹೊಲವನ್ನೂ ಅಳೆದ ಲೆಕ್ಕದ ಬುಡ ಒಂದೇ.

ಥಾಮಸ್ 1817ರಲ್ಲಿ ವಿನ್ಸೆನ್ಸ್ ಊರಿನ ಭೂ ಕಚೇರಿಗೆ ಹೋಗಿ, ಎಕರೆಗೆ ಎರಡು ಡಾಲರ್‌ನಂತೆ 160 ಎಕರೆ ಹಿಡಿದ. ಸಾಲ ತೀರಿಸಲಾಗದೆ ಕೊನೆಗೆ ಅರ್ಧ ಬಿಟ್ಟುಕೊಟ್ಟು 80 ಎಕರೆ ಉಳಿಸಿಕೊಂಡ. ಆದರೆ ಉಳಿದ ಆ 80 ಎಕರೆಗೆ ಯಾರೂ ತಕರಾರು ತರಲಿಲ್ಲ. ಮಗ ಅಬ್ರಹಾಂ ದೊಡ್ಡವನಾಗಿ ಇಲಿನಾಯ್‌ನಲ್ಲಿ 1833ರಿಂದ ಸಹಾಯಕ ಸರ್ವೆಯರ್ ಆಗಿ ತಾನೇ ಸರಪಳಿ ಹಿಡಿಸಿದ.

ಕಾನೂನು ಎಂಟು ದಿನ ತಡವಾಗಿ ಬಂತು

ಸರ್ವೆ ಬಂದರೆ ಎಲ್ಲ ಸರಿಹೋಗಬೇಕಿತ್ತು. ಆದರೆ ಜನ ಸರ್ವೆಗೆ ಕಾಯಲಿಲ್ಲ. ಸರಪಳಿಗಿಂತ ನಾಲ್ಕೈದು ವರ್ಷ ಮುಂದೆಯೇ ಅವರ ಗಾಡಿಗಳು ಹೋಗುತ್ತಿದ್ದವು. 1807ರ ಕಾನೂನಿನಂತೆ ಇದು ಅತಿಕ್ರಮ ಪ್ರವೇಶ, ಸೈನ್ಯ ಕಳಿಸಿ ಎಬ್ಬಿಸಬಹುದಿತ್ತು. ಕೆಲವು ಕಡೆ ಎಬ್ಬಿಸಿದರು. ಸೈನಿಕರು ಬೆನ್ನು ತಿರುಗಿಸಿದ ಕೂಡಲೇ ಜನ ಮರಳಿದರು.

ಮಿಸಿಸಿಪಿ ನದಿಯ ಪಶ್ಚಿಮ ದಂಡೆಯ ಡಬ್ಯೂಕ್ ಊರಿನ ಕಥೆ ಹೀಗೇ. ಅಲ್ಲಿ ಸೀಸದ ಗಣಿ. 1830ರ ಜೂನ್ 17ರಂದು ಗಣಿ ಕೆಲಸಗಾರರು ಸೇರಿ ಒಂದು ಒಡಂಬಡಿಕೆ ಬರೆದುಕೊಂಡರು. ಒಬ್ಬನಿಗೆ 200 ಗಜ ಚೌಕದ ನೆಲ, ಆರು ದಿನಕ್ಕೊಮ್ಮೆಯಾದರೂ ಅಲ್ಲಿ ಕೆಲಸ ಮಾಡಿದರೆ ಹಕ್ಕು ಉಳಿಯುತ್ತದೆ. ಪೆನ್ಸಿಲ್ವೇನಿಯದ ಆರು ವಾರದ ನಿಯಮದ ತಮ್ಮನಂತಿದೆ ಇದು. ಸೈನ್ಯ ಬಂದು ಅವರನ್ನು ಹೊರಹಾಕಿತು. 1833ರ ಜೂನ್‌ನಲ್ಲಿ ಆ ಸೀಮೆ ಅಧಿಕೃತವಾಗಿ ತೆರೆದಾಗ ಮತ್ತೆ ಬಂದರು. ಆದರೆ ಯಾವ ರಾಜ್ಯದ ಕಾನೂನೂ ಅಲ್ಲಿಗೆ ಅನ್ವಯವಾಗುತ್ತಿರಲಿಲ್ಲ.

1834ರ ಮೇ ತಿಂಗಳಲ್ಲಿ ಪ್ಯಾಟ್ರಿಕ್ ಒಕಾನರ್ ಎಂಬ ಗಣಿ ಕೆಲಸಗಾರ ತನ್ನ ಪಾಲುದಾರ ಜಾರ್ಜ್ ಒಕೀಫ್‌ನನ್ನು ಗುಡಿಸಲ ಬಾಗಿಲಲ್ಲೇ ಗುಂಡಿಕ್ಕಿ ಕೊಂದ. ಇಲ್ಲಿ ಕಾನೂನೇ ಇಲ್ಲ, ನನ್ನನ್ನು ವಿಚಾರಿಸುವವರು ಯಾರು ಎಂಬುದು ಆತನ ವಾದ. ಊರವರು ತಕ್ಷಣ ಮರಕ್ಕೆ ನೇತುಹಾಕಲಿಲ್ಲ. ಹನ್ನೆರಡು ಜನರ ಜ್ಯೂರಿ ಆರಿಸಿದರು, ಎರಡೂ ಕಡೆ ವಾದಿಸುವವರನ್ನು ನೇಮಿಸಿದರು, ಸಾಕ್ಷಿ ಕೇಳಿದರು, ಒಂದು ತಿಂಗಳ ಅವಧಿ ಕೊಟ್ಟು ಗಲ್ಲು ವಿಧಿಸಿದರು. ಆ ತಿಂಗಳಲ್ಲಿ ಆತನ ಪರವಾಗಿ ಮಿಸೌರಿಯ ರಾಜ್ಯಪಾಲರಿಗೂ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೂ ಕ್ಷಮಾದಾನದ ಮನವಿ ಹೋಯಿತು. ಆ ಸೀಮೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬುದೇ ಇಬ್ಬರ ಉತ್ತರದ ಸಾರ. ಶಿಕ್ಷೆ ಕೊಟ್ಟವರೇ ಕ್ಷಮಿಸಬೇಕು. ಅವರು ಕ್ಷಮಿಸಲಿಲ್ಲ. ಜೂನ್ 20ರಂದು ಗಲ್ಲಾಯಿತು. ಜೂನ್ 28ರಂದು ಅಮೆರಿಕದ ಸಂಸತ್ತು ಆ ಸೀಮೆಯನ್ನು ಮಿಷಿಗನ್ ಆಡಳಿತಕ್ಕೆ ಸೇರಿಸಿತು. ಕಾನೂನು ಬಂತು, ಎಂಟು ದಿನ ತಡವಾಗಿ.

ಇದನ್ನು ಕೊಲೆ ಎನ್ನಬೇಕೋ ನ್ಯಾಯ ಎನ್ನಬೇಕೋ? ನಮ್ಮೊಳಗೇ ಇದರ ಬಗ್ಗೆ ಎರಡು ಅಭಿಪ್ರಾಯವಿದೆ. ವಿಚಾರಣೆ ನಡೆದ ರೀತಿ ಬಹುಮಟ್ಟಿಗೆ ಕೋರ್ಟಿನಂತೆಯೇ ಇತ್ತು ಎನ್ನುವವರು ಕೆಲವರು. ಮೇಲ್ಮನವಿಗೆ ಜಾಗವಿಲ್ಲದ ತೀರ್ಪು ಎಷ್ಟು ಅಚ್ಚುಕಟ್ಟಾಗಿದ್ದರೂ ಗುಂಪಿನ ತೀರ್ಪೇ ಎನ್ನುವವರು ಉಳಿದವರು.

ಹರಾಜಿನ ದಿನದ ಮೌನ

ಜಮೀನಿನ ವಿಷಯಕ್ಕೆ ಬಂದರೆ, ಅಯೋವಾ ಸೀಮೆಯ ರೈತರು ಕಟ್ಟಿಕೊಂಡದ್ದು ‘ಕ್ಲೇಮ್ ಕ್ಲಬ್’ ಎಂಬ ಸಂಘಗಳನ್ನು. ಅವರ ಕಷ್ಟ ಇದು: ಮೂರು ನಾಲ್ಕು ವರ್ಷ ದುಡಿದು ಹೊಲ ಮಾಡಿರುತ್ತಾರೆ. ಆಮೇಲೆ ಸರ್ವೆಯಾಗುತ್ತದೆ. ಆಮೇಲೆ ಸರ್ಕಾರ ಹರಾಜು ಕರೆಯುತ್ತದೆ, ಕನಿಷ್ಠ ಬೆಲೆ ಎಕರೆಗೆ ಒಂದೂಕಾಲು ಡಾಲರ್. ಪೂರ್ವದ ಪಟ್ಟಣಗಳಿಂದ ಥೈಲಿ ಹಿಡಿದು ಬಂದ ಭೂ ವ್ಯಾಪಾರಿ ಎರಡು ಡಾಲರ್ ಕೂಗಿದರೆ ರೈತನ ಹೊಲ, ಮನೆ, ಬೇಲಿ ಎಲ್ಲ ಅವನ ಪಾಲು.

ಅದಕ್ಕೇ ಸಂಘ. ಅಧ್ಯಕ್ಷ, ಗುಮಾಸ್ತ, ತಕರಾರು ತೀರ್ಮಾನಿಸುವ ಪಂಚರು, ತೀರ್ಮಾನ ಜಾರಿ ಮಾಡುವವರು. ಯಾರ ಹೊಲ ಎಲ್ಲಿಂದ ಎಲ್ಲಿಗೆ ಎಂದು ಗುಮಾಸ್ತ ರಿಜಿಸ್ಟರಿನಲ್ಲಿ ಬರೆಯುತ್ತಿದ್ದ. ಒಬ್ಬರಿಂದ ಒಬ್ಬರಿಗೆ ಕೈ ಬದಲಾದರೂ ನಮೂದು. ಅಯೋವಾದ ಜಾನ್ಸನ್ ಕೌಂಟಿಯ ಸಂಘ 1839ರಲ್ಲಿ ಬರೆದುಕೊಂಡ ನಿಯಮಾವಳಿ ಇವತ್ತಿಗೂ ಉಳಿದಿದೆ. ಸರ್ಕಾರದ ದಾಖಲೆ ಹುಟ್ಟುವ ಮೊದಲೇ ಜನ ಮಾಡಿಕೊಂಡ ಪಹಣಿ ಅದು.

ಹರಾಜಿನ ದಿನ ಊರಿಗೆ ಊರೇ ಭೂ ಕಚೇರಿಯ ಮುಂದೆ ನಿಲ್ಲುತ್ತಿತ್ತು. ಸಂಘದ ಪರವಾಗಿ ಒಬ್ಬನೇ ಕೂಗುವವನು, ಕೈಯಲ್ಲಿ ನಕ್ಷೆ ಮತ್ತು ಪಟ್ಟಿ. ಹರಾಜುದಾರ ನಂಬರು ಓದುತ್ತಾನೆ, ಈತ ಒಂದೂಕಾಲು ಡಾಲರ್ ಎನ್ನುತ್ತಾನೆ, ಉಳಿದವರೆಲ್ಲ ಮೌನ. ಮುಂದಿನ ನಂಬರು. ಹೊರಗಿನವನು ಬಾಯಿ ತೆರೆದರೆ ಸುತ್ತ ನಿಂತವರ ದೊಣ್ಣೆ, ಮುಷ್ಟಿಗಳು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡುತ್ತಿದ್ದವು. 1841ರಲ್ಲಿ ಸರ್ಕಾರವೇ ಸೋತು, ನೆಲೆಸಿದವನಿಗೆ ಹರಾಜಿಗಿಂತ ಮೊದಲೇ 160 ಎಕರೆವರೆಗೆ ಕನಿಷ್ಠ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಎಲ್ಲರಿಗೂ ಸಮಾಧಾನ. ಬಡ ರೈತರು ಒಗ್ಗಟ್ಟಾದರು, ಸಾಹುಕಾರರು ಓಡಿದರು. ಬಹುಕಾಲ ಅಮೆರಿಕದ ಪುಸ್ತಕಗಳೂ ಹೀಗೇ ಬರೆದವು. ಆದರೆ 1958ರಲ್ಲಿ ಅಲನ್ ಬೋಗ್ ಎಂಬ ಇತಿಹಾಸಕಾರ ಇದೇ ಅಯೋವಾ ಸಂಘಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಸಂಗತಿ ಅಷ್ಟು ಸರಳವಲ್ಲ ಎಂದು ತೋರಿಸಿದರು. ಸದಸ್ಯರಲ್ಲಿ ಹಲವರು ತಾವು ಉಳುವುದಕ್ಕಿಂತ ಹೆಚ್ಚು ನೆಲ ಹಿಡಿದಿಟ್ಟು, ತಡವಾಗಿ ಬಂದ ಬಡವರಿಗೇ ಮಾರುತ್ತಿದ್ದರು. ಮೊದಲು ಬಂದವನ ಹಕ್ಕು ಕಾಯುವ ಸಂಘ, ಎರಡನೆಯವನ ಪಾಲಿಗೆ ತಾನೇ ಸಾಹುಕಾರ.

ಇದರ ಕೊನೆಯ ರೂಪ ಕಂಡದ್ದು ನೆಬ್ರಾಸ್ಕದ ಒಮಾಹದಲ್ಲಿ. 1854ರಲ್ಲಿ ಊರು ಹುಟ್ಟಿದ ವರ್ಷವೇ ಕ್ಲೇಮ್ ಕ್ಲಬ್ಬೂ ಹುಟ್ಟಿತು. ಕೇಂದ್ರದ ಕಾನೂನು ಒಬ್ಬನಿಗೆ 160 ಎಕರೆ ಎನ್ನುತ್ತಿತ್ತು, ಕ್ಲಬ್ಬು ತನ್ನ ಸದಸ್ಯನಿಗೆ 320 ಎಂದಿತು. ಹೊಸಬನೊಬ್ಬ ಕಾನೂನು ನಂಬಿ, ಆ ಹೆಚ್ಚುವರಿ ನೆಲದಲ್ಲಿ ಗುಡಿಸಲು ಹಾಕಿ ಭೂ ಕಚೇರಿಗೆ ಅರ್ಜಿ ಕೊಟ್ಟರೆ, ರಾತ್ರಿ ಕ್ಲಬ್ಬಿನವರು ಬರುತ್ತಿದ್ದರು. ಹೆಪ್ಪುಗಟ್ಟಿದ ಮಿಸೌರಿ ನದಿಗೆ ಒಯ್ದು ಮಂಜುಗಡ್ಡೆಯ ತೂತಿನಲ್ಲಿ ಮುಳುಗಿಸಿ, ಬಿಟ್ಟುಕೊಡುತ್ತೇನೆ ಎನ್ನುವವರೆಗೆ ಎತ್ತಿ ಎತ್ತಿ ಅದ್ದಿದ ಪ್ರಸಂಗವೂ ಇದೆ. ಅಲೆಕ್ಸಾಂಡರ್ ಬೇಕರ್ ಎಂಬಾತ ಇಂಥ ಬೆದರಿಕೆಗೆ ಹೆದರಿ ತನ್ನ 160 ಎಕರೆ ಬರೆದುಕೊಟ್ಟ. ಆಮೇಲೆ ಕೋರ್ಟಿಗೆ ಹೋದ. 1870ರಲ್ಲಿ ಬೇಕರ್ ವಿರುದ್ಧ ಮಾರ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಾಣಭಯದಲ್ಲಿ ಬರೆಸಿಕೊಂಡ ಪತ್ರಕ್ಕೆ ಬೆಲೆಯಿಲ್ಲ ಎಂದು ತೀರ್ಪಿತ್ತು. ಹಳಬನ ಮಾತಿಗೆ ಇದು ಉತ್ತರದಂತಿದೆ. ಇಲ್ಲಿ ಫೇರ್ ಪ್ಲೇ ಉಳಿಸಿದ್ದು ದೂರದ ಕೋರ್ಟೇ.

ಸಭೆಗೆ ಕರೆಯದವರು

ಮೂರು ಪ್ರಶ್ನೆಗಳಲ್ಲಿ ಮೊದಲನೆಯದನ್ನು ನಾವು ಇಲ್ಲಿಯವರೆಗೆ ಪೂರ್ತಿ ಕೇಳಲೇ ಇಲ್ಲ. ಮೊದಲು ಬಂದವರು ಯಾರು?

ರಾಕ್ ನದಿ ಮಿಸಿಸಿಪಿಗೆ ಸೇರುವಲ್ಲಿ, ಈಗಿನ ಇಲಿನಾಯ್‌ನಲ್ಲಿ, ಸೌಕ್ ಜನರ ಸೌಕೆನುಕ್ ಎಂಬ ದೊಡ್ಡ ಊರಿತ್ತು. ಸುತ್ತ ಹೆಂಗಸರು ಬೆಳೆಸುತ್ತಿದ್ದ ಜೋಳದ ಹೊಲಗಳು. 1804ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೆಲವೇ ಮಂದಿ ಹಾಕಿದ ಸಹಿಯಿಂದ ಆ ಸೀಮೆಯೆಲ್ಲ ಅಮೆರಿಕದ್ದಾಯಿತು ಎಂದು ಸರ್ಕಾರ ಹೇಳಿತು. ಊರಿನ ಪರವಾಗಿ ಮಾರಲು ಅವರಿಗೆ ಅಧಿಕಾರವೇ ಇರಲಿಲ್ಲ ಎಂದು ಬ್ಲ್ಯಾಕ್ ಹಾಕ್ ಎಂಬ ಮುಖಂಡ ಕೊನೆಯವರೆಗೆ ವಾದಿಸಿದ. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ನೆಲ ಸರ್ಕಾರದ ಕೈಯಲ್ಲಿರುವವರೆಗೆ, ಅಂದರೆ ಖಾಸಗಿಯವರಿಗೆ ಮಾರುವವರೆಗೆ, ಸೌಕ್ ಜನ ಅಲ್ಲೇ ಇರಬಹುದು. 1829ರಲ್ಲಿ ಅವರು ಚಳಿಗಾಲದ ಬೇಟೆಗೆ ಹೋಗಿದ್ದಾಗ ಬಿಳಿಯ ವಲಸಿಗರು ಬಂದು ಅವರ ಹೊಲಕ್ಕೆ ಬೇಲಿ ಹಾಕಿದರು, ಮನೆ ಹೊಕ್ಕರು. ಆಗ ಆ ನೆಲ ಹರಾಜಾಗಿರಲಿಲ್ಲ. ಅಂದರೆ ಒಪ್ಪಂದದ ಪ್ರಕಾರವೇ ಅಲ್ಲಿ ಇರಲು ಹಕ್ಕಿದ್ದವರು ಸೌಕ್ ಜನ, ಅತಿಕ್ರಮಿಸಿದವರು ವಲಸಿಗರು. ಸೈನ್ಯ ಬಂದದ್ದು ಮಾತ್ರ 1831ರಲ್ಲಿ, ಸೌಕ್ ಜನರನ್ನು ನದಿಯಾಚೆ ಅಟ್ಟಲು.

1832ರ ವಸಂತದಲ್ಲಿ ಬ್ಲ್ಯಾಕ್ ಹಾಕ್ ಮಕ್ಕಳು, ಮುದುಕರು ಸೇರಿ ಸಾವಿರಕ್ಕೂ ಹೆಚ್ಚು ಜನರೊಂದಿಗೆ ನದಿ ದಾಟಿ ಮರಳಿದ. ಆಗಸ್ಟ್ ಮೊದಲ ವಾರ ಬ್ಯಾಡ್ ಆಕ್ಸ್ ಎಂಬಲ್ಲಿ, ಮತ್ತೆ ನದಿ ದಾಟಿ ಹೋಗಲು ಹೆಣಗುತ್ತಿದ್ದವರ ಮೇಲೆ ಗುಂಡಿನ ಮಳೆಗರೆದು ಆ ಯುದ್ಧ ಮುಗಿಸಿದರು. ದಂಡವಾಗಿ ಕಿತ್ತುಕೊಂಡ ನೆಲವೇ ಪೂರ್ವ ಅಯೋವಾ. ಒಕಾನರ್‌ನ ಗಲ್ಲು, ಕ್ಲೇಮ್ ಕ್ಲಬ್ಬಿನ ರಿಜಿಸ್ಟರು, ಹರಾಜಿನ ಮೌನ, ಎಲ್ಲ ನಡೆದದ್ದು ಅದೇ ನೆಲದ ಮೇಲೆ. ದುಡಿದವನಿಗೆ ಹಕ್ಕು, ಬೆಳೆ ತೆಗೆದವನಿಗೆ ಹಕ್ಕು ಎಂದು ಬರೆದ ಯಾವ ಸಂಘವೂ ಸೌಕೆನುಕ್‌ನ ಹೆಂಗಸರ ಜೋಳದ ಹೊಲವನ್ನು ತನ್ನ ಪುಸ್ತಕದಲ್ಲಿ ನಮೂದಿಸಲಿಲ್ಲ. 1823ರಲ್ಲೇ, ಗ್ರೀನ್ ವಿರುದ್ಧ ಬಿಡ್ಲ್ ತೀರ್ಪಿನ ವರ್ಷವೇ, ಜಾನ್ಸನ್ ವಿರುದ್ಧ ಮೆಕಿಂಟೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು: ಮೂಲನಿವಾಸಿಗಳಿಗೆ ನೆಲದಲ್ಲಿ ವಾಸದ ಹಕ್ಕಿದೆ, ಒಡೆತನದ ಹಕ್ಕಿಲ್ಲ.

ಆ ಯುದ್ಧದಲ್ಲಿ ಸ್ವಯಂಸೇವಕರ ಒಂದು ತುಕಡಿಗೆ ಕ್ಯಾಪ್ಟನ್ ಆಗಿದ್ದ 23ರ ತರುಣ ಅಬ್ರಹಾಂ ಲಿಂಕನ್. ಕಾದಾಡುವ ಸಂದರ್ಭ ಅವನಿಗೆ ಬರಲಿಲ್ಲ. ಮೂವತ್ತು ವರ್ಷದ ನಂತರ, 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾನೂನಿಗೆ ಸಹಿ ಹಾಕಿದ. ಐದು ವರ್ಷ ನೆಲೆಸಿ ಸಾಗುವಳಿ ಮಾಡಿದವನಿಗೆ ಸಣ್ಣ ಶುಲ್ಕಕ್ಕೆ 160 ಎಕರೆ. ಮೂರು ಬಾರಿ ನೆಲ ಕಳೆದುಕೊಂಡು ಅಲೆದ ಥಾಮಸ್‌ನ ಮಗ ಆ ಸಹಿ ಹಾಕುವಾಗ ಏನು ನೆನೆದನೋ. ಅದೇ ವರ್ಷದ ಡಿಸೆಂಬರ್ 26ರಂದು ಮಿನ್ನೆಸೋಟದ ಮ್ಯಾಂಕೇಟೊದಲ್ಲಿ ಡಕೋಟಾ ಜನಾಂಗದ 38 ಮಂದಿಯನ್ನು ಒಂದೇ ಕಟ್ಟೆಯ ಮೇಲೆ ಗಲ್ಲಿಗೇರಿಸಲಾಯಿತು. ನೆಲ ಕಳೆದುಕೊಂಡು, ಅದಕ್ಕೆ ಬರಬೇಕಾದ ಹಣವೂ ಸಿಗದೆ ಹಸಿದು ದಂಗೆಯೆದ್ದವರ ಯುದ್ಧದ ಕೊನೆ ಅದು. ಸೈನಿಕ ಮಂಡಳಿ ಕೆಲವು ವಿಚಾರಣೆಗಳನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ 303 ಜನರಿಗೆ ಮರಣದಂಡನೆ ವಿಧಿಸಿತ್ತು. ಕಡತ ತರಿಸಿ ಓದಿ ಹೆಚ್ಚಿನವರನ್ನು ಉಳಿಸಿದ್ದೂ ಲಿಂಕನ್, ಉಳಿದವರ ಪಟ್ಟಿಗೆ ಒಪ್ಪಿಗೆ ಕೊಟ್ಟದ್ದೂ ಲಿಂಕನ್. ಡಬ್ಯೂಕ್‌ನ ಗಣಿ ಕೆಲಸಗಾರರು ತಮ್ಮಲ್ಲೊಬ್ಬನಾದ ಕೊಲೆಗಾರನಿಗೆ ಕೊಟ್ಟಂಥ, ಪರವಾಗಿ ವಾದಿಸುವ ಒಬ್ಬ ಮನುಷ್ಯ ಇವರಿಗೆ ಸಿಗಲಿಲ್ಲ.

ಜಮೀನಿನ ಸುದ್ದಿ ಬರೆಯುವ ನಮಗೆ ಈ ಓದಿನಿಂದ ನಾಲ್ಕನೆಯ ಪ್ರಶ್ನೆಯೊಂದು ಸಿಕ್ಕಿದೆ. ಊರ ಪಂಚಾಯಿತಿಯೇ ಇರಲಿ, ಸಂಘವೇ ಇರಲಿ, ಕೋರ್ಟೇ ಇರಲಿ, ಎಲ್ಲ ಒಮ್ಮತದಿಂದ ತೀರ್ಮಾನವಾಯಿತು ಎಂದು ಯಾರಾದರೂ ಹೇಳಿದಾಗ ನೋಟ್‌ಬುಕ್ ಮುಚ್ಚುವ ಮೊದಲು ಕೇಳಬೇಕಾದದ್ದು: ಆ ಸಭೆಗೆ ಯಾರನ್ನು ಕರೆದಿರಲಿಲ್ಲ?